ಮನೆಯ ಪ್ರಿಂಟರ್‌ನಲ್ಲಿ ಫೋಟೊ ಚೆನ್ನಾಗಿ ಬರ್ತಿಲ್ಲವೇ? ಮಾರುವ ಮೊದಲು ಇಷ್ಟನ್ನು ನೋಡಿ

ಗಲ್ಫ್‌ನಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಈಗ ಒಂದು ಇಂಕ್‌ಜೆಟ್ ಪ್ರಿಂಟರ್ ಇದೆ. 2020ರಲ್ಲಿ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಶುರುವಾದಾಗ ವರ್ಕ್‌ಶೀಟ್ ತೆಗೆಯಲು ಕೊಂಡವರಿದ್ದಾರೆ. ವೀಸಾ, ಇನ್ಶೂರೆನ್ಸ್, ಟಿಕೆಟ್ ಅಂತ ಪದೇ ಪದೇ ಟೈಪಿಂಗ್ ಸೆಂಟರ್‌ಗೆ ಓಡಲು ಬೇಸತ್ತು ಕೊಂಡವರೂ ಇದ್ದಾರೆ. ಬ್ಯಾಚುಲರ್ ರೂಮುಗಳಲ್ಲಿ ನಾಲ್ಕು ಜನ ಸೇರಿ ಕೊಂಡದ್ದೂ ಉಂಟು. ಕಾಗದ ಪತ್ರಗಳ ಮಟ್ಟಿಗೆ ಯಾರದ್ದೂ ತಕರಾರಿಲ್ಲ. ಸಮಸ್ಯೆ ಬರುವುದು ಫೋಟೊ ತೆಗೆಯುವಾಗ.

ಊರಿನಿಂದ ಬಂದ ಮಗುವಿನ ನಾಮಕರಣದ ಫೋಟೊ, ತಂಗಿಯ ಮದುವೆಯ ಫೋಟೊ, ರಜೆ ಸಿಗದೆ ಕೊನೆಯ ಬಾರಿ ನೋಡಲೂ ಆಗದ ತಂದೆಯ ಫೋಟೊ. ಇವನ್ನು ಗೋಡೆಗೆ ಹಾಕಬೇಕು ಅಂತ ಆಸೆಯಿಂದ ಫೋಟೊ ಪೇಪರ್ ತಂದು ಪ್ರಿಂಟ್ ಕೊಟ್ಟರೆ ಮುಖ ಹಸಿರು, ಮೈಮೇಲೆಲ್ಲ ಬಿಳಿ ಗೆರೆ, ಕೈ ತಾಗಿದರೆ ಬಣ್ಣ ಕೈಗೇ. ಎರಡು ಮೂರು ಹಾಳೆ ಹಾಳಾದ ಮೇಲೆ "ಪ್ರಿಂಟರ್ ಹೋಯ್ತು" ಅಂತ ತೀರ್ಮಾನವಾಗ್ತದೆ. ಆಮೇಲೆ ಅದು ಸಿಕ್ಕಿದ ಬೆಲೆಗೆ ಮಾರಾಟವಾಗ್ತದೆ, ಇಲ್ಲವಾದರೆ ಮಂಚದ ಕೆಳಗೆ ಸೇರ್ತದೆ.

ನಿಜ ಹೇಳಬೇಕೆಂದರೆ ಹೆಚ್ಚಿನ ಸಂದರ್ಭದಲ್ಲಿ ಪ್ರಿಂಟರ್ ಹೋಗಿರುವುದಿಲ್ಲ. ತಪ್ಪು ನಾಲ್ಕು ಕಡೆಗಳಲ್ಲಿ ಒಂದರಲ್ಲಿ ಇರ್ತದೆ: ಫೋಟೊ ಫೈಲ್, ಪೇಪರ್, ಸೆಟ್ಟಿಂಗ್ ಅಥವಾ ಇಂಕ್ ಬರುವ ಹೆಡ್. ಯಾವುದು ಅಂತ ಗೊತ್ತು ಮಾಡಿಕೊಳ್ಳದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಇಂಕೂ ಹಾಳು, ಪೇಪರೂ ಹಾಳು. ಒಂದೊಂದಾಗಿ ನೋಡೋಣ.

ಲೆಟರ್ ಚೆನ್ನಾಗಿ ಬರ್ತದೆ, ಫೋಟೊ ಯಾಕೆ ಬರುವುದಿಲ್ಲ?

ಮನೆಯ ಸಾಮಾನ್ಯ ಇಂಕ್‌ಜೆಟ್‌ನಲ್ಲಿ ನಾಲ್ಕು ಬಣ್ಣ ಇರ್ತದೆ: ಸಯಾನ್ ಎಂಬ ತಿಳಿ ನೀಲಿ, ಮಜೆಂಟಾ ಎಂಬ ಗುಲಾಬಿ ಕೆಂಪು, ಹಳದಿ ಮತ್ತು ಕಪ್ಪು. ಪ್ರಿಂಟ್ ಹೆಡ್‌ನಲ್ಲಿ ತಲೆಕೂದಲಿಗಿಂತಲೂ ಸಣ್ಣ ನೂರಾರು ತೂತುಗಳಿರುತ್ತವೆ. ಇವೇ ನಾಝಲ್‌ಗಳು. ಅವುಗಳಿಂದ ಹೊರಬರುವ ಹನಿಯನ್ನು ಅಳೆಯುವುದು ಪಿಕೋಲೀಟರ್ ಲೆಕ್ಕದಲ್ಲಿ. ಒಂದು ಪಿಕೋಲೀಟರ್ ಅಂದರೆ ಲೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಭಾಗ. ಮುಖದ ಮೈಬಣ್ಣ, ಸೀರೆಯ ಅಂಚು, ಆಕಾಶ, ಎಲ್ಲವೂ ಈ ನಾಲ್ಕು ಬಣ್ಣದ ಚುಕ್ಕೆಗಳು ಹತ್ತಿರ ಹತ್ತಿರ ಬಿದ್ದು ಕಣ್ಣಿಗೆ ಹಾಗೆ ಕಾಣುವುದು.

ಲೆಟರ್‌ಗೆ ಬೇಕಾದದ್ದು ಹೆಚ್ಚಾಗಿ ಕಪ್ಪು ಮಾತ್ರ. ಅದರಲ್ಲಿ ಒಂದೆರಡು ನಾಝಲ್ ಮುಚ್ಚಿದ್ದರೂ ಅಕ್ಷರ ಓದಲು ತೊಂದರೆ ಇಲ್ಲ. ಆದರೆ ಫೋಟೊಗೆ ಮೂರೂ ಬಣ್ಣ ಸರಿಯಾದ ಪ್ರಮಾಣದಲ್ಲಿ ಬೀಳಬೇಕು. ತಿಂಗಳುಗಟ್ಟಲೆ ಬರೀ ಕಪ್ಪು ಪ್ರಿಂಟ್ ತೆಗೆಯುತ್ತಿದ್ದರೆ ಬಣ್ಣದ ನಾಝಲ್‌ಗಳು ಒಣಗಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಫೋಟೊ ಕೊಟ್ಟ ದಿನ.

ಹಾಳಾದ ಹಾಳೆಯನ್ನು ಬಿಸಾಡಬೇಡಿ, ಅದನ್ನೇ ಓದಿ

ಕೆಟ್ಟ ಪ್ರಿಂಟ್‌ನಲ್ಲೇ ಕಾರಣ ಬರೆದಿರ್ತದೆ. ಬೆಳಕಿನಲ್ಲಿ ಹಿಡಿದು ನೋಡಿ.

– ಸಮಾನ ಅಂತರದಲ್ಲಿ ತೆಳುವಾದ ಬಿಳಿ ಗೆರೆಗಳಿದ್ದರೆ: ನಾಝಲ್ ಮುಚ್ಚಿದೆ.

– ಗೆರೆ ಇಲ್ಲ, ಆದರೆ ಇಡೀ ಫೋಟೊದ ಬಣ್ಣ ಒಂದು ಕಡೆ ವಾಲಿದ್ದರೆ: ಒಂದು ಬಣ್ಣ ಪೂರ್ತಿ ನಿಂತಿರಬಹುದು. ಮುಖ ಹಸಿರು ಹಳದಿಯಾದರೆ ಮಜೆಂಟಾ ಬರ್ತಿಲ್ಲ. ಕೆನ್ನೀಲಿ ಗುಲಾಬಿಯಾದರೆ ಹಳದಿ ಬರ್ತಿಲ್ಲ. ಕಿತ್ತಳೆ ಕೆಂಪಾಗಿ ಆಕಾಶವೂ ಗುಲಾಬಿಯಾದರೆ ಸಯಾನ್ ಬರ್ತಿಲ್ಲ.

– ಇಂಕ್ ಒಣಗದೆ ಹನಿಹನಿಯಾಗಿ ನಿಂತಿದ್ದರೆ, ಮುಟ್ಟಿದರೆ ಒರೆಸಿ ಹೋಗುವಂತಿದ್ದರೆ: ಪೇಪರಿನ ತಪ್ಪು ಬದಿಗೆ ಪ್ರಿಂಟ್ ಆಗಿದೆ, ಅಥವಾ ಪೇಪರೇ ಇಂಕ್‌ಜೆಟ್‌ನದ್ದಲ್ಲ.

– ಬಣ್ಣ ಸರಿ ಇದೆ, ಆದರೆ ಕಣ್ಣು, ಹುಬ್ಬು ಮಸುಕು, ಅಂಚಿನಲ್ಲಿ ಚೌಕ ಚೌಕ ಕಾಣುತ್ತಿದ್ದರೆ: ಫೈಲ್ ಸಣ್ಣದು.

– ಗೆರೆಗಳು ಎರಡೆರಡಾಗಿ ಕಂಡರೆ, ಇಡೀ ಫೋಟೊ ಮರಳು ಹಾಕಿದ ಹಾಗಿದ್ದರೆ: ಹೆಡ್ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಡ್ರಾಫ್ಟ್ ಕ್ವಾಲಿಟಿಯಲ್ಲಿ ತೆಗೆದಿದ್ದೀರಿ.

– ಎಲ್ಲ ಸರಿ, ಆದರೆ ಮೊಬೈಲ್‌ನಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬಂದಿದ್ದರೆ: ಅದು ಪ್ರಿಂಟರ್ ದೋಷವಲ್ಲ. ಮೊಬೈಲ್ ಪರದೆಯಿಂದ ಬೆಳಕು ಬರ್ತದೆ, ಕಾಗದದಿಂದ ಇಲ್ಲ. ಪ್ರಿಂಟ್ ಕೊಡುವ ಮೊದಲು ಬ್ರೈಟ್‌ನೆಸ್ ಸ್ವಲ್ಪ ಏರಿಸಿದರೆ ಸಾಕು.

ಮೊದಲ ಶಂಕೆ ವಾಟ್ಸಾಪ್ ಮೇಲೆ

ನಮಗೆ ಊರಿನಿಂದ ಫೋಟೊ ಬರುವ ದಾರಿ ವಾಟ್ಸಾಪ್. ಅದು ಡೇಟಾ ಉಳಿಸಲು ಫೋಟೊವನ್ನು ಕುಗ್ಗಿಸಿ ಕಳುಹಿಸ್ತದೆ. ಪರದೆಯಲ್ಲಿ ನೋಡಲು ಅಡ್ಡಿ ಇಲ್ಲ. ಅದೇ ಫೋಟೊ ನಾಲ್ಕು ಗ್ರೂಪ್ ಸುತ್ತಿ, ಯಾರೋ ಸ್ಕ್ರೀನ್‌ಶಾಟ್ ತೆಗೆದು, ಇನ್ನೊಬ್ಬರು ಕ್ರಾಪ್ ಮಾಡಿ ಬಂದಿದ್ದರೆ ಅದರಲ್ಲಿ ಉಳಿದಿರುವುದು ಬಹಳ ಕಡಿಮೆ. ಯಾವ ಪ್ರಿಂಟರ್ ಕೂಡ ಇಲ್ಲದ ವಿವರವನ್ನು ಹುಟ್ಟಿಸಲಾರದು. ಒಬ್ಬರ ಪ್ರೊಫೈಲ್ ಫೋಟೊದಿಂದ ಗೋಡೆಗೆ ಹಾಕುವ ಫೋಟೊ ಮಾಡುವುದು ಆಗದ ಕೆಲಸ.

ಲೆಕ್ಕ ಸುಲಭ. ಒಳ್ಳೆಯ ಪ್ರಿಂಟ್‌ಗೆ ಪ್ರತಿ ಇಂಚಿಗೆ 300 ಪಿಕ್ಸೆಲ್ ಬೇಕು. 4×6 ಇಂಚಿನ ಫೋಟೊಗೆ 1200×1800 ಪಿಕ್ಸೆಲ್. 8×10 ಇಂಚಿಗೆ 2400×3000. ಎ4 ಪೂರ್ತಿ ಹಾಳೆಗೆ ಸುಮಾರು 2480×3508. ಇಂಚಿಗೆ 200 ಇದ್ದರೂ ತಕ್ಕ ಮಟ್ಟಿಗೆ ಚೆನ್ನಾಗಿಯೇ ಬರ್ತದೆ, ಅಂದರೆ 4×6ಕ್ಕೆ 800×1200 ಇದ್ದರೂ ಕೆಲಸ ನಡೀತದೆ. ಗ್ಯಾಲರಿಯಲ್ಲಿ ಫೋಟೊ ತೆರೆದು 'ಡೀಟೇಲ್ಸ್' ಒತ್ತಿದರೆ ಈ ಸಂಖ್ಯೆ ಕಾಣ್ತದೆ. ಪ್ರಿಂಟ್ ಕೊಡುವ ಮೊದಲು ಅದನ್ನೊಮ್ಮೆ ನೋಡಿ.

ಹಾಗಾದರೆ ಏನು ಮಾಡಬೇಕು? ಫೋಟೊ ತೆಗೆದವರಿಂದಲೇ ಮೂಲ ಫೈಲ್ ತರಿಸಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸುವ ಬದಲು ಅಟ್ಯಾಚ್ ಗುರುತು ಒತ್ತಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಫೈಲ್ ಕುಗ್ಗುವುದಿಲ್ಲ. 2023ರಿಂದ 'ಎಚ್‌ಡಿ' ಆಯ್ಕೆಯೂ ಬಂದಿದೆ. ಡಾಕ್ಯುಮೆಂಟ್‌ನಷ್ಟಲ್ಲದಿದ್ದರೂ ಮಾಮೂಲಿಗಿಂತ ಎಷ್ಟೋ ವಾಸಿ. ಇಮೇಲ್ ಅಥವಾ ಗೂಗಲ್ ಡ್ರೈವ್ ಗೊತ್ತಿದ್ದರೆ ಅದೂ ಆಗಬಹುದು.

ಊರಿನ ಮನೆಯ ಗೋಡೆಯಲ್ಲಿರುವ ಹಳೆಯ ಫೋಟೊ ಬೇಕಾದರೆ ಇನ್ನೊಂದು ಎಚ್ಚರ. ಕಟ್ಟು ಹಾಕಿದ ಗಾಜಿನ ಮೇಲೆಯೇ ಫ್ಲಾಶ್ ಹೊಡೆದು ಮೊಬೈಲ್‌ನಲ್ಲಿ ತೆಗೆದರೆ ಮುಖದ ನಡುವೆ ಬಿಳಿ ಬೆಳಕು ಬೀಳ್ತದೆ. ಆಗುವುದಾದರೆ ಕಟ್ಟಿನಿಂದ ಬಿಡಿಸಿ ಸ್ಕ್ಯಾನರ್‌ನಲ್ಲಿ 600 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿಸಲಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬಾರದು, ಕಿತ್ತು ಬರ್ತದೆ. ಆಗ ಫ್ಲಾಶ್ ಆಫ್ ಮಾಡಿ, ಹಗಲು ಹೊತ್ತು ಜಗಲಿಯ ನೆರಳಿನಲ್ಲಿ, ಗಾಜಿನಲ್ಲಿ ಯಾವುದೂ ಪ್ರತಿಫಲಿಸದ ಕೋನದಿಂದ ನೇರವಾಗಿ ತೆಗೆಯಲು ಹೇಳಿ.

ಪೇಪರ್: ಹೊಳೆಯುವುದೆಲ್ಲ ಫೋಟೊ ಪೇಪರ್ ಅಲ್ಲ

ಮಾಮೂಲಿ ಎ4 ಹಾಳೆಯಲ್ಲಿ ಇಂಕ್ ನಾರಿನೊಳಗೆ ಹರಡ್ತದೆ. ಅದರಿಂದಲೇ ಬಣ್ಣ ಮಂಕು, ಹಾಳೆ ಅಲೆಅಲೆ. ಫೋಟೊ ಪೇಪರಿನ ಮೇಲೆ ಇಂಕ್ ಹೀರಿ ಅಲ್ಲೇ ಹಿಡಿದಿಡುವ ಒಂದು ಲೇಪ ಇರ್ತದೆ. ಆ ಲೇಪ ಇಂಕ್‌ಜೆಟ್‌ಗೆ ಅಂತಲೇ ಮಾಡಿರಬೇಕು. ಪ್ಯಾಕೆಟ್ ಮೇಲೆ 'ಇಂಕ್‌ಜೆಟ್' ಅಂತ ಬರೆದಿದೆಯಾ ನೋಡಿ ಕೊಳ್ಳಿ. ಲೇಸರ್ ಪ್ರಿಂಟರ್‌ಗೆ ಮಾಡಿದ ಗ್ಲಾಸಿ ಪೇಪರ್ ನೋಡಲು ಹಾಗೇ ಇದ್ದರೂ ಇಂಕ್ ಹೀರುವುದಿಲ್ಲ, ಗಂಟೆಗಟ್ಟಲೆ ಹಸಿಯಾಗಿಯೇ ಇರ್ತದೆ. ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯ: ಇಂಕ್‌ಜೆಟ್ ಫೋಟೊ ಪೇಪರನ್ನು ಆಫೀಸಿನ ಲೇಸರ್ ಪ್ರಿಂಟರ್‌ಗೆ ಹಾಕಬೇಡಿ. ಅಲ್ಲಿನ ಶಾಖಕ್ಕೆ ಲೇಪ ಕರಗಿ ರೋಲರ್‌ಗೆ ಅಂಟಿಕೊಳ್ಳಬಹುದು. ಆ ರಿಪೇರಿ ಬಿಲ್ಲು ನಿಮ್ಮ ತಲೆಗೆ ಬಂದೀತು.

ಬದಿ ಯಾವುದು ಅಂತ ಸಂಶಯ ಬಂದರೆ ಬೆರಳ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಹಾಳೆಯ ಮೂಲೆಗೆ ಮುಟ್ಟಿಸಿ. ಸ್ವಲ್ಪ ಅಂಟಿದಂತೆ ಆಗುವ ಬದಿಯೇ ಪ್ರಿಂಟ್ ಬದಿ. ಹಿಂದಿನಿಂದ ಪೇಪರ್ ಹಾಕುವ ಪ್ರಿಂಟರ್‌ನಲ್ಲಿ ಆ ಬದಿ ಸಾಮಾನ್ಯವಾಗಿ ನಿಮ್ಮ ಕಡೆ ಇರಬೇಕು. ಕೆಳಗೆ ಟ್ರೇ ಇರುವ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಕೆಳಮುಖವಾಗಿ ಇರಬೇಕು.

ನಮ್ಮ ಇಲ್ಲಿಯ ಹವೆಗೂ ಪೇಪರಿಗೂ ಸಂಬಂಧವಿದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕರಾವಳಿ ಊರುಗಳಾದ ದುಬೈ, ದೋಹಾ, ಮನಾಮಾ, ದಮ್ಮಾಮ್ ಕಡೆ ತೇವ ವಿಪರೀತ. ತೆರೆದಿಟ್ಟ ಫೋಟೊ ಪೇಪರ್ ತೇವ ಹೀರಿ ಸುರುಟಿಕೊಳ್ತದೆ. ಸುರುಟಿದ ಹಾಳೆಯ ಅಂಚು ಹೆಡ್‌ಗೆ ಉಜ್ಜಿ ಕಪ್ಪು ಕಲೆ ಬೀಳ್ತದೆ. ಉಳಿದ ಹಾಳೆಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ಮಲಗಿಸಿ ಇಡಿ. ಪ್ರಿಂಟ್‌ಗೆ ಒಂದೊಂದೇ ಹಾಳೆ ಹಾಕಿ. ಮೇಲ್ಮೈಗೆ ಬೆರಳು ತಾಗಿಸಬೇಡಿ.

ಒಂದೇ ಒಂದು ಸೆಟ್ಟಿಂಗ್ ಬದಲಿಸಲು ಸಮಯವಿದ್ದರೆ: ಪೇಪರ್ ಟೈಪ್

ಪೇಪರ್ ಟ್ರೇಯಲ್ಲಿ ಏನಿದೆ ಅಂತ ಹೆಚ್ಚಿನ ಮನೆ ಪ್ರಿಂಟರ್‌ಗಳಿಗೆ ತಾನಾಗಿ ತಿಳಿಯುವುದಿಲ್ಲ. ನಾವೇ ಹೇಳಬೇಕು. ಹೇಳದಿದ್ದರೆ ಅದು 'ಪ್ಲೇನ್ ಪೇಪರ್' ಅಂತಲೇ ತಿಳಿದು ಇಂಕ್ ಬಿಡ್ತದೆ. ಎಷ್ಟು ಇಂಕ್, ಯಾವ ವೇಗ, ಎಷ್ಟು ಸಲ ಹೆಡ್ ಓಡಬೇಕು, ಇದೆಲ್ಲ ನಿರ್ಧಾರವಾಗುವುದು ಪೇಪರ್ ಟೈಪ್ ನೋಡಿ.

ಇನ್ನೊಂದು ಗುಟ್ಟೂ ಇದರಲ್ಲಿದೆ. ಅನೇಕ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಬಣ್ಣದ ಇಂಕ್‌ಗಳು ಡೈ, ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಕಪ್ಪು ಮಾತ್ರ ಪಿಗ್ಮೆಂಟ್, ಅಂದರೆ ಅತಿ ಸಣ್ಣ ಪುಡಿ. ಕ್ಯಾನನ್‌ನ ಜಿ ಸರಣಿಯ ಹಲವು ಪ್ರಿಂಟರ್‌ಗಳು ಹೀಗಿವೆ. ಪಿಗ್ಮೆಂಟ್ ಕಪ್ಪು ಮಾಮೂಲಿ ಹಾಳೆಯಲ್ಲಿ ಅಕ್ಷರ ಗಾಢವಾಗಿ ಕಾಣಲು ಒಳ್ಳೆಯದು, ಆದರೆ ಗ್ಲಾಸಿ ಲೇಪದೊಳಗೆ ಇಳಿಯುವುದಿಲ್ಲ, ಮೇಲೆಯೇ ಕೂರ್ತದೆ. 'ಗ್ಲಾಸಿ' ಅಂತ ಆರಿಸಿದಾಗ ಪ್ರಿಂಟರ್ ಆ ಕಪ್ಪನ್ನು ಬಿಟ್ಟು ಮೂರು ಬಣ್ಣ ಸೇರಿಸಿ ಕಪ್ಪು ಮಾಡ್ತದೆ. 'ಪ್ಲೇನ್' ಅಂತ ಬಿಟ್ಟರೆ ಪಿಗ್ಮೆಂಟ್ ಕಪ್ಪನ್ನೇ ಸುರೀತದೆ. ಫೋಟೊದಲ್ಲಿ ಕೂದಲು, ಕಪ್ಪು ಕೋಟು ಮುಟ್ಟಿದರೆ ಕೈಗೆ ಬರುವುದು ಇದರಿಂದಲೇ.

ಆದ್ದರಿಂದ ಪ್ರಿಂಟ್ ಕೊಡುವಾಗ ಇಷ್ಟು ನೋಡಿ: ಪೇಪರ್ ಟೈಪ್ 'ಫೋಟೊ ಗ್ಲಾಸಿ' ಅಥವಾ ನಿಮ್ಮ ಪೇಪರಿನ ಪ್ರಕಾರ 'ಮ್ಯಾಟ್'. ಪೇಪರ್ ಸೈಜ್ ನಿಜವಾಗಿ ಹಾಕಿದ್ದೇ ಆಗಿರಬೇಕು. ಕ್ವಾಲಿಟಿ 'ಹೈ'. 'ಗ್ರೇಸ್ಕೇಲ್' ಆಫ್. 'ಹೈ ಸ್ಪೀಡ್' ಅಥವಾ 'ಬೈಡೈರೆಕ್ಷನಲ್' ಅಂತ ಇದ್ದರೆ ಅದೂ ಆಫ್. ಆಗ ಹೆಡ್ ಒಂದೇ ದಿಕ್ಕಿನಲ್ಲಿ ಹೋಗುವಾಗ ಪ್ರಿಂಟ್ ಮಾಡ್ತದೆ, ನಿಧಾನ, ಆದರೆ ಗೆರೆ ಕಡಿಮೆ.

ಮೊಬೈಲ್‌ನ ಗ್ಯಾಲರಿಯಿಂದ ನೇರ ಪ್ರಿಂಟ್ ಕೊಟ್ಟರೆ ಈ ಆಯ್ಕೆಗಳೆಲ್ಲ ಕಾಣಿಸದೇ ಇರಬಹುದು. ಪ್ರಿಂಟರ್ ಕಂಪನಿಯ ಸ್ವಂತ ಆ್ಯಪ್ ಹಾಕಿಕೊಂಡು ಅದರಿಂದ ಕೊಡಿ, ಅಥವಾ ಲ್ಯಾಪ್‌ಟಾಪ್‌ನಿಂದ ಕೊಡಿ. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದ ಕೂಡಲೇ ಸಮಸ್ಯೆ ಮುಗೀತದೆ.

ಗೆರೆ ಹೋಗದಿದ್ದರೆ: ನಾಝಲ್ ಚೆಕ್

ಈಗ ಹೆಡ್‌ಗೆ ಬರೋಣ. ಪ್ರಿಂಟರ್‌ನ 'ಮೆಂಟೆನೆನ್ಸ್' ಮೆನುವಿನಲ್ಲಿ 'ನಾಝಲ್ ಚೆಕ್' ಇರ್ತದೆ. ಮಾಮೂಲಿ ಹಾಳೆ ಹಾಕಿ ಒತ್ತಿ. ನಾಲ್ಕು ಬಣ್ಣದ ಗೆರೆ ಅಥವಾ ಚೌಕಗಳು ಬರುತ್ತವೆ. ಎಲ್ಲೂ ತುಂಡಾಗದಿದ್ದರೆ ಹೆಡ್ ಸರಿ ಇದೆ, ಕ್ಲೀನಿಂಗ್ ಮಾಡುವ ಅಗತ್ಯವಿಲ್ಲ. ತುಂಡಾಗಿದ್ದರೆ ಒಮ್ಮೆ 'ಹೆಡ್ ಕ್ಲೀನಿಂಗ್' ಕೊಟ್ಟು ಮತ್ತೆ ನಾಝಲ್ ಚೆಕ್ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ.

ಇಲ್ಲಿ ಹೆಚ್ಚಿನವರು ಸಿಟ್ಟಿನಿಂದ ಹತ್ತು ಸಲ ಕ್ಲೀನಿಂಗ್ ಒತ್ತುತ್ತಾರೆ. ಬೇಡ. ಪ್ರತಿ ಕ್ಲೀನಿಂಗ್‌ನಲ್ಲೂ ಟ್ಯಾಂಕಿನ ಇಂಕ್ ಎಳೆದು ಒಳಗಿನ ವೇಸ್ಟ್ ಪ್ಯಾಡ್‌ಗೆ ಸುರಿಯಲಾಗ್ತದೆ. ಇಂಕ್ ಖಾಲಿಯಾಗುವುದಲ್ಲದೆ ಪ್ಯಾಡ್ ತುಂಬಿದರೆ ಪ್ರಿಂಟರೇ ಕೆಲಸ ನಿಲ್ಲಿಸ್ತದೆ. ಮೂರು ಸಲ ಮಾಡಿಯೂ ಸರಿಯಾಗದಿದ್ದರೆ ಪ್ರಿಂಟರ್ ಆಫ್ ಮಾಡಿ ಕನಿಷ್ಠ 12 ಗಂಟೆ ಬಿಡಿ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಒಣಗಿದ ಇಂಕ್ ಮೆತ್ತಗಾಗಿ, ಪೈಪಿನ ಗಾಳಿಗುಳ್ಳೆ ಮೇಲೆ ಹೋಗಿ, ಒಂದೇ ಕ್ಲೀನಿಂಗ್‌ನಲ್ಲಿ ಬಿಟ್ಟುಕೊಳ್ಳುವುದುಂಟು. ಕೆಲವು ಮಾಡೆಲ್‌ಗಳಲ್ಲಿ 'ಪವರ್ ಕ್ಲೀನಿಂಗ್' ಅಂತ ಇದೆ. ಅದು ಕೊನೆಯ ಅಸ್ತ್ರ. ತುಂಬಾ ಇಂಕ್ ತಿನ್ನುತ್ತದೆ. ಟ್ಯಾಂಕ್‌ಗಳಲ್ಲಿ ಮೂರನೇ ಒಂದು ಭಾಗವಾದರೂ ಇಂಕ್ ಇಲ್ಲದೆ ಅದನ್ನು ಒತ್ತಬೇಡಿ.

ಕ್ಲೀನಿಂಗ್‌ಗೆ ಮೊದಲೇ ಈ ಎರಡು ಸಣ್ಣ ವಿಷಯ ನೋಡಿ. ಒಂದು, ಯಾವುದಾದರೂ ಟ್ಯಾಂಕ್ ಕೆಳಗಿನ ಗೆರೆಗಿಂತ ಇಳಿದಿದೆಯಾ? ಇಳಿದರೆ ಪೈಪಿಗೆ ಗಾಳಿ ಸೇರ್ತದೆ. ಕ್ಯಾನನ್, ಎಚ್‌ಪಿಯಂಥ ಶಾಖದಿಂದ ಇಂಕ್ ಚಿಮ್ಮಿಸುವ ಹೆಡ್‌ಗಳು ಇಂಕ್ ಇಲ್ಲದೆ ಓಡಿದರೆ ಸುಟ್ಟೇ ಹೋಗಬಹುದು, ಯಾಕೆಂದರೆ ಆ ಹೆಡ್‌ಗೆ ತಂಪು ಕೊಡುವುದೂ ಇಂಕೇ. ಎರಡು, ಇತ್ತೀಚೆಗೆ ಫ್ಲ್ಯಾಟ್ ಬದಲಿಸಿದ್ದೀರಾ? ಎಪ್ಸನ್‌ನ ಕೆಲವು ಹಳೆಯ ಟ್ಯಾಂಕ್ ಮಾಡೆಲ್‌ಗಳಲ್ಲಿ ಸಾಗಿಸುವಾಗ ಇಂಕ್ ಹರಿಯದಂತೆ ಮುಚ್ಚುವ ತಿರುಗುಣಿ ಇರ್ತದೆ. ಸಾಮಾನು ಸಾಗಿಸಿದವರು ಅದನ್ನು ಮುಚ್ಚಿ, ತೆರೆಯಲು ಮರೆತಿದ್ದರೆ ಎಷ್ಟು ಕ್ಲೀನಿಂಗ್ ಕೊಟ್ಟರೂ ಇಂಕ್ ಬಾರದು.

ಹೆಡ್ ಇರುವ ಜಾಗವೂ ಎಲ್ಲದರಲ್ಲಿ ಒಂದೇ ಅಲ್ಲ. ಎಚ್‌ಪಿ, ಕ್ಯಾನನ್‌ನ ಸಣ್ಣ ಕಾರ್ಟ್ರಿಡ್ಜ್ ಪ್ರಿಂಟರ್‌ಗಳಲ್ಲಿ ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರ್ತದೆ. ಅಂಥದ್ದನ್ನು ಹೊರತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯ ಮೇಲೆ ತಳಭಾಗವನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬಹುದು. ತಾಮ್ರದ ಬಣ್ಣದ ಭಾಗ ಮುಟ್ಟಬೇಡಿ. ಸರಿಯಾಗದಿದ್ದರೆ ಹೊಸ ಕಾರ್ಟ್ರಿಡ್ಜ್ ಹಾಕಿದಾಗ ಹೆಡ್ಡೂ ಹೊಸದೇ. ಎಪ್ಸನ್‌ನಲ್ಲಿ ಹೆಡ್ ಪ್ರಿಂಟರ್‌ನೊಳಗೆ ಕಾಯಂ ಇರ್ತದೆ. ಅದಕ್ಕೆ ಸೂಜಿ ಹಾಕುವುದು, ಬಿಸಿನೀರು ಹೊಯ್ಯುವುದು, ಸೆಂಟ್ ಸ್ಪ್ರೇ ಮಾಡುವುದು, ಇವೆಲ್ಲ ಯಾರೋ ಹೇಳಿದ್ದು ಕೇಳಿ ಮಾಡಬೇಡಿ. ತೂತು ದೊಡ್ಡದಾದರೆ ಅಥವಾ ಒಳಗಿನ ಬೋರ್ಡಿಗೆ ನೀರು ಹೋದರೆ ಮತ್ತೆ ದಾರಿ ಇಲ್ಲ.

ನಾಝಲ್ ಎಲ್ಲ ಸರಿ ಇದ್ದೂ ಗೆರೆ ಅಥವಾ ಎರಡೆರಡು ಅಂಚು ಕಂಡರೆ 'ಹೆಡ್ ಅಲೈನ್‌ಮೆಂಟ್' ಮಾಡಿ. ಹಾಳೆ ಪ್ರಿಂಟ್ ಆಗ್ತದೆ. ಕೆಲವು ಮಾಡೆಲ್‌ನಲ್ಲಿ ಅತಿ ಸರಿಯಾಗಿ ಕಂಡ ಚೌಕದ ನಂಬರ್ ನಾವು ಒತ್ತಬೇಕು, ಕೆಲವದರಲ್ಲಿ ಅದೇ ಹಾಳೆಯನ್ನು ಸ್ಕ್ಯಾನರ್ ಮೇಲಿಡಬೇಕು.

ಇಂಕ್‌ನಲ್ಲಿ ಉಳಿತಾಯ ಮಾಡಹೋಗಿ

ಅಗ್ಗದ ಇಂಕ್‌ನಿಂದ ಲೆಟರ್ ತೆಗೆಯಲು ತೊಂದರೆ ಕಾಣದಿರಬಹುದು. ಫೋಟೊದಲ್ಲಿ ಬಣ್ಣ ಬೇರೆಯಾಗ್ತದೆ, ಯಾಕೆಂದರೆ ಪ್ರಿಂಟರ್‌ನ ಲೆಕ್ಕವೆಲ್ಲ ಕಂಪನಿಯ ಸ್ವಂತ ಇಂಕ್‌ಗೆ ಹೊಂದಿಸಿದ್ದು. ಬೇರೆ ಇಂಕ್ ಹಾಕುವುದೇ ಆದರೆ ನಿಮ್ಮ ಮಾಡೆಲ್‌ಗೆ ಹೇಳಿದ ಜಾತಿಯದ್ದೇ ಹಾಕಿ. ಡೈ ಜಾಗಕ್ಕೆ ಪಿಗ್ಮೆಂಟ್ ಹಾಕಿದರೆ ಹೆಡ್ ಕಟ್ಟಿಕೊಳ್ಳಬಹುದು. ಕಪ್, ಟೀಶರ್ಟ್ ಪ್ರಿಂಟ್‌ಗೆ ಬಳಸುವ ಸಬ್ಲಿಮೇಶನ್ ಇಂಕ್ ಕೂಡ ಅದೇ ಥರದ ಬಾಟಲಿಯಲ್ಲಿ ಮಾರಾಟಕ್ಕಿರ್ತದೆ. ಅದು ಫೋಟೊ ಪೇಪರಿಗಲ್ಲ, ಬಣ್ಣ ಮಂಕಾಗಿ ಬರ್ತದೆ.

ರಜೆಯಲ್ಲಿ ಊರಿಗೆ ಹೋದವರು ಅಲ್ಲಿ ಅಗ್ಗ ಅಂತ ಬಾಟಲಿ ತರುವುದುಂಟು. ಒಂದೇ ಕಂಪನಿಯಾದರೂ ಭಾರತದಲ್ಲಿ ಮಾರುವ ಬಾಟಲಿಯ ನಂಬರ್, ಇಲ್ಲಿ ಮಾರುವ ಬಾಟಲಿಯ ನಂಬರ್ ಬೇರೆ ಇರಬಹುದು. ಪ್ರಿಂಟರ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದ ನಂಬರಿನದ್ದೇ ತೆಗೆದುಕೊಳ್ಳುವುದು ಕ್ಷೇಮ. ತಂದರೂ ಸೀಲ್ ಒಡೆಯದ ಬಾಟಲಿಯನ್ನೇ ಎರಡು ಕವರ್ ಸುತ್ತಿ ತನ್ನಿ, ಬಟ್ಟೆಗಳ ನಡುವೆ ಸೋರಿದರೆ ಕಲೆ ಹೋಗುವುದಿಲ್ಲ.

ಊರಿಗೆ ಹೋಗುವ ಮುಂಚೆ

ಇಲ್ಲಿಯ ಪ್ರಿಂಟರ್‌ಗಳು ಹಾಳಾಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಶಾಲೆಗೆ ರಜೆ, ಕುಟುಂಬ ಊರಲ್ಲಿ, ಮನೆಗೆ ಬೀಗ, ಎಸಿ ಆಫ್. ಸಾಮಾನ್ಯವಾಗಿ ಮನೆ ಪ್ರಿಂಟರ್‌ಗಳಿಗೆ ಹೇಳಿರುವ ತಾಪಮಾನ 10ರಿಂದ 35 ಡಿಗ್ರಿ. ಬೇಸಿಗೆಯಲ್ಲಿ ಮುಚ್ಚಿದ ಫ್ಲ್ಯಾಟ್ ಅದನ್ನು ಸುಲಭವಾಗಿ ಮೀರ್ತದೆ. ಬಾಲ್ಕನಿಯಲ್ಲಿ ಇಟ್ಟರಂತೂ ಕೇಳುವುದೇ ಬೇಡ.

ಹೋಗುವ ಮೊದಲು ಒಂದು ಬಣ್ಣದ ಪುಟ ತೆಗೆಯಿರಿ. ನಂತರ ಪ್ರಿಂಟರ್‌ನದೇ ಬಟನ್ ಒತ್ತಿ ಆಫ್ ಮಾಡಿ, ಲೈಟ್ ಆರಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಈ ಕ್ರಮ ಮುಖ್ಯ. ಬಟನ್‌ನಿಂದ ಆಫ್ ಮಾಡಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಅದರ ಬಾಯಿಗೆ ರಬ್ಬರ್ ಮುಚ್ಚಳ ಕೂರ್ತದೆ. ನಡುವೆ ಗೋಡೆಯ ಸ್ವಿಚ್ ತೆಗೆದರೆ ಹೆಡ್ ಬಾಯಿ ತೆರೆದೇ ಉಳಿದು ಇಂಕ್ ಒಣಗ್ತದೆ. ಮೇಲೆ ಒಂದು ಬಟ್ಟೆ ಹೊದಿಸಿ, ಮರಳು ಗಾಳಿಯ ಧೂಳು ಒಳಗೆ ಹೋಗದಿರಲಿ. ರೂಮ್‌ಮೇಟ್ ಇದ್ದರೆ ವಾರಕ್ಕೊಂದು ಬಣ್ಣದ ಪುಟ ತೆಗೆಯಲು ಹೇಳಿ ಹೋಗಿ. ನಾವು ಇಲ್ಲೇ ಇರುವಾಗಲೂ ಈ ವಾರದ ಪುಟ ಒಳ್ಳೆಯ ಅಭ್ಯಾಸ. ಮಕ್ಕಳಿಗೆ ಒಂದು ಬಣ್ಣದ ಚಿತ್ರ ತೆಗೆದುಕೊಟ್ಟರೂ ಆಯ್ತು.

ಪಾಸ್‌ಪೋರ್ಟ್ ಫೋಟೊ ಮನೆಯಲ್ಲೇ ತೆಗೆಯಬಹುದೇ?

ತೆಗೆಯಬಹುದು, ಆದರೆ ಅಳತೆಯಲ್ಲಿ ಎಚ್ಚರ. 2×2 ಇಂಚು, ಅಂದರೆ 51×51 ಮಿ.ಮೀ. ಫೋಟೊ 4×6 ಹಾಳೆಯಲ್ಲಿ 6 ಹಿಡೀತದೆ. ಆದರೆ ಅದಕ್ಕೆ ಹಾಳೆ ಅಂಚಿನವರೆಗೂ ಬೇಕಾಗುವುದರಿಂದ ಬಾರ್ಡರ್ ಇಟ್ಟು ತೆಗೆಯುವಾಗ ಎರಡು ಮಾತ್ರ ಹಾಕಿ. 35×45 ಮಿ.ಮೀ. ಅಳತೆಯದ್ದು ಹಾಳೆಯಲ್ಲಿ ಲೆಕ್ಕಕ್ಕೆ 8 ಕೂರ್ತದೆ. ಬಾರ್ಡರ್ ಬಿಟ್ಟರೂ ಸಾಮಾನ್ಯವಾಗಿ ಸಾಲುತ್ತದೆ.

ಇಲ್ಲಿ ಎರಡು ಸೆಟ್ಟಿಂಗ್ ಕೈಕೊಡುತ್ತವೆ. 'ಫಿಟ್ ಟು ಪೇಜ್' ಆನ್ ಇದ್ದರೆ ಫೋಟೊ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. 'ಬಾರ್ಡರ್‌ಲೆಸ್' ಇಟ್ಟರೆ ಅಂಚಿನಲ್ಲಿ ಬಿಳಿ ಉಳಿಯದಂತೆ ಪ್ರಿಂಟರ್ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡ್ತದೆ. ಎರಡೂ ಬೇಡ. 'ಆ್ಯಕ್ಚುವಲ್ ಸೈಜ್' ಅಥವಾ 100 ಪರ್ಸೆಂಟ್ ಇಡಿ. ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ಅಳೆದು, ಆಮೇಲೆ ಕತ್ತರಿಸಿ. ಅಳತೆ, ಹಿನ್ನೆಲೆ ಬಣ್ಣ, ಮುಖ ಎಷ್ಟು ಭಾಗ ಇರಬೇಕು ಎಂಬ ನಿಯಮಗಳು ದೇಶ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತವೆ ಕೂಡ. ಅರ್ಜಿ ಹಾಕುವ ದಿನ ನಿಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯ ಅಥವಾ ಅರ್ಜಿ ಕೇಂದ್ರದ ಸೂಚನೆ ಓದಿಯೇ ಮುಂದುವರಿಯಿರಿ. ಪಾಸ್‌ಪೋರ್ಟ್ ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದು, ಒಂದು ದಿನದ ರಜೆ ಹಾಕಿ ಹೋಗುವವರು ಮನೆಯ ಪ್ರಿಂಟ್ ನಂಬಿಕೊಳ್ಳದೆ ಸ್ಟುಡಿಯೋದಲ್ಲಿ ತೆಗೆಸುವುದೇ ಒಳ್ಳೆಯದು. ಫೋಟೊ ತಿರಸ್ಕಾರವಾದರೆ ಉಳಿದ ಹಣಕ್ಕಿಂತ ಹೋದ ಒಂದು ದಿನದ ಸಂಬಳ ದೊಡ್ಡದು.

ಚೆನ್ನಾಗಿ ಬಂದ ಫೋಟೊ ಉಳಿಯಬೇಕಾದರೆ

ಪ್ರಿಂಟ್ ಬಂದ ಕೂಡಲೇ ಫ್ರೇಮ್‌ಗೆ ಹಾಕಬೇಡಿ. ಮೇಲಿಂದ ಒಣಗಿದಂತೆ ಕಂಡರೂ ಒಳಗೆ ತೇವ ಇರ್ತದೆ. ಒಂದು ದಿನ ಹಾಗೆಯೇ ಬಿಟ್ಟು ನಂತರ ಹಾಕಿ, ಇಲ್ಲದಿದ್ದರೆ ಗಾಜಿಗೆ ಅಂಟಿಕೊಳ್ತದೆ. ಡೈ ಇಂಕ್‌ನ ಫೋಟೊ ಬಿಸಿಲಿಗೆ ಬೇಗ ಮಾಸ್ತದೆ. ಕಿಟಕಿಯ ಎದುರು, ಎಸಿ ಗಾಳಿ ನೇರ ಬೀಸುವ ಕಡೆ, ಅಡುಗೆಮನೆಯ ಹೊಗೆ ತಾಗುವ ಕಡೆ ಇಡಬೇಡಿ. ಗಾಜಿನ ಹಿಂದೆ, ನೆರಳಿನ ಗೋಡೆಯಲ್ಲಿ ಇದ್ದರೆ ಹೆಚ್ಚು ಕಾಲ ಬಾಳ್ತದೆ.

ಎಲ್ಲದಕ್ಕೂ ಮನೆಯ ಪ್ರಿಂಟರೇ ಬೇಕು ಅಂತಿಲ್ಲ. ದೊಡ್ಡ ಅಳತೆ ಬೇಕಾದರೆ, ಅಥವಾ ತೀರಿಕೊಂಡವರ ಫೋಟೊ ಹಲವು ವರ್ಷ ಗೋಡೆಯಲ್ಲಿ ಇರಬೇಕಾದರೆ, ಸ್ಟುಡಿಯೋ ಲ್ಯಾಬ್‌ನಲ್ಲಿ ಪ್ರಿಂಟ್ ಮಾಡಿಸಿ. ಅಲ್ಲಿಗೂ ಕುಗ್ಗಿದ ಫೈಲ್ ಅಲ್ಲ, ಮೂಲ ಫೈಲನ್ನೇ ಕೊಡಬೇಕು. ಆ ಫೈಲ್ ಒಂದೇ ಮೊಬೈಲ್‌ನಲ್ಲಿ ಇರದಿರಲಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ಊರಿನಲ್ಲಿ ಅಣ್ಣನ ಅಥವಾ ಅಕ್ಕನ ಬಳಿ ಇರಲಿ. ಪ್ರಿಂಟ್ ಹಾಳಾದರೆ ಮತ್ತೊಂದು ತೆಗೆಯಬಹುದು, ಫೈಲ್ ಹೋದರೆ ಮತ್ತೆ ಸಿಗುವುದಿಲ್ಲ.

ಕೊನೆಗೆ ಕ್ರಮವನ್ನು ನೆನಪಿಡಿ: ಮೊದಲು ಫೈಲ್‌ನ ಪಿಕ್ಸೆಲ್, ಆಮೇಲೆ ಪೇಪರಿನ ಬದಿ, ಆಮೇಲೆ ಪೇಪರ್ ಟೈಪ್, ಆಮೇಲೆ ನಾಝಲ್ ಚೆಕ್, ಬೇಕಾದರೆ ಮಾತ್ರ ಕ್ಲೀನಿಂಗ್, ಕೊನೆಗೆ ಅಲೈನ್‌ಮೆಂಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, 4×6ರ ಒಂದು ಹಾಳೆಯಲ್ಲಿ ಪರೀಕ್ಷಿಸಿ. ಇಷ್ಟಾದ ಮೇಲೂ ಆಗದಿದ್ದರೆ ವಾರಂಟಿ ಉಂಟಾ ನೋಡಿ ಸರ್ವಿಸ್‌ಗೆ ಕೊಡಿ. ವಾರಂಟಿ ಇಲ್ಲದಿದ್ದರೆ ರಿಪೇರಿಗೆ ಎಷ್ಟು ಅಂತ ಮೊದಲೇ ಕೇಳಿ, ಹೊಸದರ ಬೆಲೆಯ ಜೊತೆ ಹೋಲಿಸಿ ನಿರ್ಧರಿಸಿ. ಮಂಚದ ಕೆಳಗೆ ಒಂದು ಪ್ರಿಂಟರ್ ಧೂಳು ತಿನ್ನುತ್ತಾ ಬಿದ್ದಿದ್ದರೆ ಈ ಶುಕ್ರವಾರ ಹೊರಗೆ ತೆಗೆದು ಒಂದು ನಾಝಲ್ ಚೆಕ್ ಮಾಡಿ ನೋಡಿ. ಅದಕ್ಕೆ ಬೇಕಾದದ್ದು ಒಂದೇ ಬಿಳಿ ಹಾಳೆ.